ಲಾಟ್‌ಸಾಹೇಬನ ಜ್ವರ

"ಮುಟ್ಬೇಡಿ, ಕೈ ಸುಟ್ಟುಹೋಗುತ್ತೆ," ಎಂದು ದಾದು ಹೇಳಿ ಮುಗಿಸುವ ಮೊದಲೇ ಪಾಕ್ರಾಶಿ ಡಾಕ್ಟರು ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟಾಗಿತ್ತು. ಕೈ ಕೊಡವಿಕೊಳ್ಳುತ್ತಾ ಅವರು, ಜ್ವರ ನೂರನಾಲ್ಕರ ಮೇಲಿದೆ ಎಂದು ತೀರ್ಮಾನ ಕೊಟ್ಟರು.

ಕಾರಿನ ಮೂತಿಯಿಂದ ಬುಸಬುಸ ಹಬೆ ಬರುತ್ತಿತ್ತು. ಕುಹು ಸ್ಕೂಲ್ ಬ್ಯಾಗ್ ಹೊತ್ತು ಪಕ್ಕದಲ್ಲೇ ನಿಂತಿದ್ದಳು. ಈ ವಾರದಲ್ಲಿ ಇದು ನಾಲ್ಕನೇ ಸಲ. ಇವತ್ತಂತೂ ಟ್ರಾಮ್ ಹಳಿಯ ಮೇಲೇ ಕುದಿದು ನಿಂತುಬಿಟ್ಟಿತ್ತು. ಹಿಂದೆ ಟ್ರಾಮು ಗಂಟೆ ಬಾರಿಸಿದ್ದೇ ಬಾರಿಸಿದ್ದು. ಕೊನೆಗೆ ಓಣಿಯವರೆಲ್ಲ ಸೇರಿ ಮನೆತನಕ ತಳ್ಳಿಕೊಂಡು ಬಂದಿದ್ದರು.

ದಾದು ಅಂದರೆ ಕುಹುವಿನ ಅಜ್ಜ. ಕಾರು ಅವರ ಹಳೇ ಬಿಳಿ ಅಂಬಾಸಡರ್. ಅದಕ್ಕೆ ಲಾಟ್‌ಸಾಹೇಬ, ಅಂದರೆ ದೊಡ್ಡ ದೊರೆ, ಎಂದು ಹೆಸರಿಟ್ಟವರೂ ಅವರೇ. ಕುಹುವಿನ ಅಪ್ಪ ಹುಟ್ಟುವ ಮೊದಲೇ ಅದು ಈ ಮನೆಗೆ ಬಂದಿತ್ತು.

ಕೋಲ್ಕತ್ತಾದಲ್ಲಿ ಕಾರು ಕೆಟ್ಟರೆ ಮೆಕ್ಯಾನಿಕ್ ಬರುವ ಮೊದಲು ಸಲಹೆಗಳು ಬರುತ್ತವೆ. ಮಿಠಾಯಿ ಅಂಗಡಿಯವರು ರೇಡಿಯೇಟರಿಗೆ ನೀರಿನ ಬದಲು ಮಜ್ಜಿಗೆ ಹಾಕಿ ಎಂದರು. ಡಾಕ್ಟರದು ಹೋಮಿಯೋಪತಿ. ಜ್ವರ ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ಸ್ವಭಾವದಲ್ಲಿ ಸಿಟ್ಟು ಇದೆಯೋ ಎಂದು ಕಾರಿನ ಬಗ್ಗೆ ಅರ್ಧ ಗಂಟೆ ವಿಚಾರಿಸಿದರು. ದಾದು ಎಲ್ಲಕ್ಕೂ ಶ್ರದ್ಧೆಯಿಂದ ಉತ್ತರ ಕೊಟ್ಟರು. ಇಂಜಿನ್ ತಣ್ಣಗಾದ ಮೇಲೆ ಡಾಕ್ಟರು ರೇಡಿಯೇಟರಿನ ಮುಚ್ಚಳ ತೆಗೆದು ನಾಲ್ಕು ಬಿಳಿ ಗುಳಿಗೆ ಹಾಕಿದರು. ಇವತ್ತು ಈರುಳ್ಳಿ ಮುಟ್ಟಿಸಬೇಡಿ ಎಂದೂ ಹೇಳಿದರು.

ಆದರೆ ಕುಹುವಿಗೆ ನಗು ಬರಲಿಲ್ಲ. ನಾಳೆಯೂ ರಿಪೇರಿ ಆಗದಿದ್ದರೆ ಭಾನುವಾರ ಗುಜರಿಯವನಿಗೆ ಬರಹೇಳುತ್ತೇನೆ ಎಂದು ದಾದು ಅಪ್ಪನಿಗೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಹೇಳಿದ ಮೇಲೆ ಅವರು ಪೂರಿಯಂಥ ಬಿಸಿಬಿಸಿ ಲುಚಿಯನ್ನೂ ತಿನ್ನದೆ ಎದ್ದುಹೋಗಿದ್ದರು.

ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ಹರೂನ್ ಮಿಸ್ತ್ರಿ ಬಂದ. ಅವನು ಯಾರ ಮಾತನ್ನೂ ಕೇಳುವ ಪೈಕಿಯವನಲ್ಲ. ನೀರು ನೋಡಿದ, ತುಂಬಿತ್ತು. ಫ್ಯಾನ್ ಬೆಲ್ಟ್ ಎಳೆದು ನೋಡಿದ, ಬಿಗಿಯಾಗಿತ್ತು. ಕಾರಿನ ಕೆಳಗೆ ನುಗ್ಗಿ ನೋಡಿದ, ಒಂದು ಹನಿಯೂ ಸೋರಿರಲಿಲ್ಲ. ಆಮೇಲೆ ಇಂಜಿನ್ ಚಾಲೂ ಮಾಡಿಸಿ, ಕುಹುವಿನ ಕೈಗೆ ಒಂದು ನ್ಯೂಸ್‌ಪೇಪರ್ ಹಾಳೆ ಕೊಟ್ಟ.

"ಇದನ್ನ ಮುಂದಿನ ಜಾಲರಿಗೆ ಹಿಡಿದು ಕೈ ಬಿಡು, ಪುಟ್ಟಿ. ಒಳಗಿನ ಫ್ಯಾನು ಗಾಳಿ ಎಳೀತಿದ್ರೆ ಹಾಳೆ ಅಂಟ್ಕೊಂಡು ನಿಲ್ಲುತ್ತೆ."

ಕುಹು ಹಿಡಿದಳು, ಕೈ ಬಿಟ್ಟಳು. ಹಾಳೆ ಸೀದಾ ಅವಳ ಚಪ್ಪಲಿಯ ಮೇಲೆ ಬಿತ್ತು. ಮತ್ತೆ ಹಿಡಿದಳು. ಮತ್ತೆ ಬಿತ್ತು.

"ಇದಕ್ಕೆ ಉಸಿರಾಡೋಕೇ ಆಗ್ತಿಲ್ಲ," ಎಂದ ಹರೂನ್. "ಮೂಗಲ್ಲಿ ಏನೋ ತುಂಬ್ಕೊಂಡಿದೆ."

ಅದು ಏನೆಂದು ಹೊಳೆದು ಕುಹು ಒಂದು ಹೆಜ್ಜೆ ಹಿಂದೆ ಸರಿದಳು.

ಚಳಿಗಾಲ ಶುರುವಾದ ದಿನದಿಂದ ಅಜ್ಜಿ ಠಾಮ್ಮಾ ಅವಳ ತಲೆಗೆ ಉಲ್ಲನ್ ಮಂಕಿ ಕ್ಯಾಪ್ ಏರಿಸಿಯೇ ಸ್ಕೂಲಿಗೆ ಕಳಿಸುತ್ತಿದ್ದರು. ಕಣ್ಣು ಮೂಗು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಕಳ್ಳಿ ಎಂದು ಕರೆಯುತ್ತಿದ್ದರು. ಬ್ಯಾಗಿನಲ್ಲಿ ಬಚ್ಚಿಡೋಣವೆಂದರೆ ಠಾಮ್ಮಾ ಬ್ಯಾಗ್ ಚೆಕ್ ಮಾಡುತ್ತಿದ್ದರು. ಬೀದಿಯಲ್ಲಿ ಎಸೆದರೆ ಓಣಿಯವರು ಗುರುತು ಹಿಡಿದು ಮನೆಗೇ ತಂದುಕೊಡುತ್ತಿದ್ದರು. ಅದಕ್ಕೇ ದಾದು ದಾರಿಯಲ್ಲಿ ಪೇಪರ್ ಕೊಳ್ಳಲು ಇಳಿದಾಗ, ಕುಹು ಟೋಪಿಯನ್ನು ಕಾರಿನ ಜಾಲರಿಯೊಳಗೆ ತುರುಕಿದ್ದಳು. ಸಂಜೆ ತೆಗೆಯೋಣ ಎಂದರೆ ಕೈ ಎಟುಕಲಿಲ್ಲ. ಕಳೆದುಹೋಯಿತು ಎಂದಳು. ಹೊಸದು ಬಂತು. ಅದೂ ಕಳೆದುಹೋಯಿತು. ಮೂರನೆಯದೂ.

ಹರೂನ್ ಸ್ಕ್ರೂ ಬಿಚ್ಚಿ ಜಾಲರಿ ತೆಗೆದ. ಜಾಲರಿಗೂ ರೇಡಿಯೇಟರಿಗೂ ನಡುವೆ ಕೈ ಹಾಕಿ ಒಂದು ಕೆಂಪು ಮಂಕಿ ಕ್ಯಾಪ್ ಎಳೆದ. ಆಮೇಲೆ ಹಸಿರು. ಆಮೇಲೆ ಇನ್ನೊಂದು ಕೆಂಪು. ಕುಹು ತಲೆ ತಗ್ಗಿಸಿದಳು. ಮೂರು ಮುಗಿಯಿತಲ್ಲ, ಇನ್ನು ಬೈಗುಳ ಶುರು ಎಂದುಕೊಂಡಳು.

ಹರೂನ್ ಕೈ ಹೊರಗೆ ತೆಗೆಯಲಿಲ್ಲ. ಒಂದು ಕಂದು ಮಫ್ಲರ್ ಬಂತು. ಉದ್ದಕ್ಕೆ, ಬರುತ್ತಲೇ ಇತ್ತು. ಅದರ ಬಾಲಕ್ಕೆ ಸಿಕ್ಕಿಕೊಂಡು ಬೂದು ಮಫ್ಲರ್. ಆಮೇಲೆ ನೀಲಿ. ಆಮೇಲೆ ಚೌಕುಳಿ.

ಕುಹುವಿನ ಬಳಿ ಮಫ್ಲರ್ ಇರಲೇ ಇಲ್ಲ. ಅವಳು ಮೆಲ್ಲಗೆ ದಾದು ಕಡೆ ನೋಡಿದಳು. ದಾದು ಕರೆಂಟ್ ತಂತಿಯ ಮೇಲೆ ಕೂತ ಕಾಗೆಯನ್ನೇ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

"ಇದನ್ನ ತಲೆಗೆ ಸುತ್ಕೊಂಡು ಹೋದ್ರೆ ಟೀ ಅಂಗಡಿಯಲ್ಲಿ ಎಲ್ರೂ ನನ್ನನ್ನ ಅಜ್ಜೀ ಅಂತ ಕರೀತಿದ್ರು," ಎಂದು ದಾದು ಅವಳಿಗೆ ಮಾತ್ರ ಕೇಳುವಂತೆ ಹೇಳಿದರು.

ಏಳು ಉಲ್ಲನ್ ಸಾಮಾನು ಬಾನೆಟ್ ಮೇಲೆ ಸಾಲಾಗಿ ಮಲಗಿದವು. ಅಷ್ಟರಲ್ಲಿ ಬಾಲ್ಕನಿಯಲ್ಲಿದ್ದ ಠಾಮ್ಮಾ ಕೆಳಗೆ ಬಂದರು. ಓಣಿಗೆ ಓಣಿಯೇ ಸರಿದು ದಾರಿ ಬಿಟ್ಟಿತು.

ಠಾಮ್ಮಾ ಬೈಯಲಿಲ್ಲ. ಒಂದೊಂದನ್ನೇ ಎತ್ತಿ, ಕೊಡವಿ, ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಒಂದೊಂದಕ್ಕೂ ನಾಲ್ಕು ದಿನ," ಎಂದರು. "ಪಾಪ, ಕಳ್ಕೊಂಡು ಚಳೀಲಿ ತಿರುಗ್ತಿದ್ದಾರಲ್ಲ ಅಂತ ಕೂತಲ್ಲಿಂದ ಏಳದೆ ಹೆಣೆದೆ."

ಅವರ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಒಂದು ವಾರದಿಂದ ಕುಹು ಅದನ್ನು ನೋಡುತ್ತಿದ್ದಳು. ಮೀನು ಹೆಚ್ಚುವಾಗ ಕುಯ್ದುಕೊಂಡಿರಬೇಕು ಎಂದುಕೊಂಡು ಸುಮ್ಮನಿದ್ದಳು. ಈಗ ಅವಳಿಗೆ ತುಂಬ ನಾಚಿಕೆಯಾಯಿತು.

ಹರೂನ್ ಜಾಲರಿ ಕೂರಿಸಿ ಮತ್ತೆ ಇಂಜಿನ್ ಚಾಲೂ ಮಾಡಿಸಿದ. ಈ ಸಲ ಹಾಳೆ ಜಾಲರಿಗೆ ಪಟ್ಟನೆ ಅಂಟಿಕೊಂಡಿತು. ಗುಳಿಗೆ ಕೆಲಸ ಮಾಡಿತು ಎಂದು ಪಾಕ್ರಾಶಿ ಡಾಕ್ಟರು ಎಲ್ಲರ ಕೈ ಕುಲುಕಿದರು. ಠಾಮ್ಮಾ ಮಾತ್ರ ಕಾರನ್ನೇ ಚಿಂತೆಯಿಂದ ನೋಡುತ್ತಿದ್ದರು.

"ಹರೂನ್, ಇಷ್ಟು ಗಾಳಿ ಹೊಡೆದ್ರೆ ಇದಕ್ಕೆ ಶೀತ ಆಗಲ್ವೇನಪ್ಪಾ?"

ಸೋಮವಾರ ಬೆಳಿಗ್ಗೆ ಲಾಟ್‌ಸಾಹೇಬ ಸ್ಕೂಲಿಗೆ ಹೊರಟ. ಒಳಗೆ ಕೆಂಪು ಮಂಕಿ ಕ್ಯಾಪಿನಲ್ಲಿ ಕುಹು, ಕಂದು ಮಫ್ಲರಿನಲ್ಲಿ ದಾದು. ಎರಡೂ ಪೆಟ್ರೋಲ್ ನಾರುತ್ತಿದ್ದವು. ಪೇಪರ್ ಅಂಗಡಿಯ ಹತ್ತಿರ ದಾದು ಕಾರು ನಿಲ್ಲಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಕಿವಿ ಕೆರೀತಿದ್ಯಾ, ದಾದು?"

"ತುಂಬಾ."

"ನಂಗೂ," ಎಂದು ಕುಹು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡಳು.