ತಕ್ಕಡಿಗೆ ಬಾರದ ದಣಿವು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಮೂಡುಗೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಗೋಪುರದಲ್ಲಿ ಬಿರುಗಣ್ಣನೆಂಬ ಮಾಂತ್ರಿಕನಿದ್ದ. ದಣಿದು ಕೂತವರು ಕಣ್ಣಿಗೆ ಬಿದ್ದರೆ ಸೋಮಾರಿಗಳೆಂದು ಹಿಡಿದು ಗೋಪುರದ ಬುಡದ ನೆಲಮಾಳಿಗೆಗೆ ತಳ್ಳುತ್ತಿದ್ದ. ಅದರ ಕಬ್ಬಿಣದ ಕಂಬಿಬಾಗಿಲು ಮಾಯೆಯಿಂದಾಗಿ ಮನುಷ್ಯರ ಕೈಗೆ ಮೇಲೇಳುತ್ತಿರಲಿಲ್ಲ.

ಕೋಟೆ ಕಟ್ಟುವ ಮಾಳವ್ವನ ತಂಗಿ ಕೆಂಚಿಯೂ ಹಾಗೆಯೇ ಒಳಗೆ ಸೇರಿದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಮಾಳವ್ವನಿಗೆ ಉಳಿದಿದ್ದವಳು ಅವಳೊಬ್ಬಳೇ.

“ತಂಗೀನ ಬಿಟ್ಟುಬಿಡಪ್ಪ,” ಎಂದಳು ಮಾಳವ್ವ.

“ನೀನು ಮಾಡುವ ಕೆಲಸವನ್ನು ನನ್ನ ತಕ್ಕಡಿ ತೂಗುತ್ತದೆ,” ಎಂದ ಮಾಂತ್ರಿಕ. “ಮೂರು ಪರೀಕ್ಷೆ. ಒಂದು ಸಂಜೆಯಾದರೂ ತಟ್ಟೆ ಕೆಲಸದ ಭಾರಕ್ಕೆ ಕೆಳಗಿದ್ದರೆ ನನ್ನ ಮಾಯೆ ಮುರಿಯುತ್ತದೆ. ಇಲ್ಲದಿದ್ದರೆ ನೀನೂ ಒಳಗೆ.”

ಮೊದಲ ದಿನ ಅವನು ಸಾಕಿದ, ಮಾತಾಡುವ ರೆಕ್ಕೆಯ ಕೋಣ ಅವಳ ತಲೆಯ ಮೇಲೆ ಬಂಡೆಗಲ್ಲನ್ನಿಟ್ಟಿತು. ಮಾಳವ್ವ ಸಂಜೆಯವರೆಗೂ ಹೊತ್ತು ನಿಂತಳು. ತಟ್ಟೆ ಅಲುಗಲಿಲ್ಲ.

“ಕಲ್ಲು ಕದಲಲಿಲ್ಲ. ಕದಲದಿದ್ದರೆ ಕೆಲಸವಿಲ್ಲ,” ಎಂದ ಮಾಂತ್ರಿಕ.

“ಮತ್ತೆ ನನ್ನ ದಣಿವು ಎಲ್ಲಿ ಹೋಯ್ತು?”

“ಬೆವರಾಗಿ, ಬಿಸಿಯಾಗಿ ಗಾಳಿಗೆ ಹೋಯಿತು. ಕಲ್ಲಿಗೇನೂ ಸಿಗಲಿಲ್ಲ.”

ಅವನು ಸುಳ್ಳು ಹೇಳಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಎರಡನೆಯ ದಿನ ಅದೇ ಕಲ್ಲನ್ನು ಹೊತ್ತು ಸಮತಟ್ಟಾದ ಅಂಗಳವನ್ನು ಸುತ್ತಿದಳು. ಕಾಲು ಊದಿಕೊಂಡವು. ತಟ್ಟೆ ಅಲುಗಲಿಲ್ಲ.

“ನೀನು ಕಲ್ಲನ್ನು ಮೇಲಕ್ಕೆ ಹಿಡಿದೆ, ನಡೆದದ್ದು ಅಡ್ಡಕ್ಕೆ. ಬಲ ಹಾಕಿದ ದಿಕ್ಕಿಗೆ ಕಲ್ಲು ಸಾಗಲಿಲ್ಲ, ಹಾಗಾಗಿ ಕೆಲಸವಿಲ್ಲ,” ಎಂದ ಮಾಂತ್ರಿಕ.

ಮೂರನೆಯ ದಿನ ಅವನೆಂದ: “ಕಲ್ಲನ್ನು ಗೋಪುರದ ತುದಿಗೆ ಏರಿಸು. ಸಂಜೆಗೆ ಅದು ಮತ್ತೆ ಬುಡದಲ್ಲಿರಬೇಕು.”

ಮಾಳವ್ವ ಒಂದೊಂದೇ ಮೆಟ್ಟಿಲು ಹತ್ತಿದಳು. ಕೋಣ ಅಂಥದ್ದೇ ಕಲ್ಲನ್ನು ಕಚ್ಚಿಕೊಂಡು ರೆಪ್ಪೆ ಬಡಿಯುವುದರೊಳಗೆ ತುದಿ ಮುಟ್ಟಿತು.

“ಇನ್ನೂ ಅಲ್ಲೇ ಇದ್ದೀಯಾ ಅವ್ವಾ? ನನಗಾಗಲೇ ಒಂದು ನಿದ್ದೆ ಆಯ್ತು!” ಎಂದು ಕೋಣ ಮೇಲಿನಿಂದ ಅಣಕಿಸಿತು.

“ನಿನ್ನ ಸಾಮರ್ಥ್ಯ ದೊಡ್ಡದು ಕಣೋ. ಆದರೆ ಕಲ್ಲಿನ ತೂಕ ಅದೇ, ಎತ್ತರ ಅದೇ. ಕೆಲಸವೂ ಅಷ್ಟೇ.”

ಅವಳು ತುದಿ ಮುಟ್ಟಿದಾಗ ತಟ್ಟೆ ಪೂರ್ತಿ ಕೆಳಗಿಳಿದಿತ್ತು. ಮಾಂತ್ರಿಕ ಕೆಳಗಿನಿಂದ ನಕ್ಕ. “ಇನ್ನು ಹೊತ್ತು ಇಳಿ. ಏರಿಸಿದ್ದೆಲ್ಲ ಕಳೆದು ತಟ್ಟೆ ಮತ್ತೆ ಮೇಲೇಳುತ್ತದೆ.”

ಕೋಟೆ ಕಟ್ಟುವವರಲ್ಲಿ ಒಂದು ಪದ್ಧತಿಯುಂಟು. ಅವರ ಯಾವ ಭಾರವೂ ಬರಿದೇ ಇಳಿಯಬಾರದು. ಇಳಿಯುತ್ತಾ ಇನ್ನೊಂದನ್ನು ಏರಿಸಬೇಕು. ಮಾಳವ್ವ ಸೊಂಟಕ್ಕೆ ಸುತ್ತಿದ್ದ ಉದ್ದನೆಯ ಹಗ್ಗ ಬಿಚ್ಚಿ ಗೋಪುರದ ತುದಿಯಲ್ಲಿದ್ದ ರಾಟೆಗೆ ಹಾಕಿ, ಒಂದು ತುದಿಯನ್ನು ಕಲ್ಲಿಗೆ ಬಿಗಿದು, ಇನ್ನೊಂದನ್ನು ನೆಲಮಾಳಿಗೆಯ ಕಂಬಿಗಳ ಬಳಿಗೆ ಇಳಿಬಿಟ್ಟಳು.

“ಕೆಂಚೀ, ಬಾಗಿಲ ಮೇಲಿನ ಬಳೆಗೆ ಹಗ್ಗ ಕಟ್ಟೇ!”

ಕಂಬಿಗಳ ನಡುವಿನಿಂದ ಕೈಯೊಂದು ಚಾಚಿತು. “ಯಾವ ಗಂಟಕ್ಕಾ?”

“ಕಲ್ಲು ಕಟ್ಟೋ ಗಂಟು ಕಣೇ! ಮೂರು ದಿನಕ್ಕೇ ಕಸುಬು ಮರೆತ್ಯಾ?”

ಮಾಳವ್ವ ಕಲ್ಲನ್ನು ಅಂಚಿನಾಚೆ ನೂಕಿದಳು. ಕಲ್ಲು ಇಳಿಯಿತು, ಬಾಗಿಲು ಏರಿತು. ಕಲ್ಲು ಬುಡದಲ್ಲಿ ನೆಲ ಮುಟ್ಟಿತು. ತಟ್ಟೆ ಮಾತ್ರ ಮೇಲೇಳಲಿಲ್ಲ.

“ಇದು ಹೇಗೆ?” ಎಂದು ಮಾಂತ್ರಿಕ ಚೀರಿದ.

“ನಾನು ಕಲ್ಲಿಗೆ ಕೊಟ್ಟದ್ದನ್ನು ಕಲ್ಲು ಬಾಗಿಲಿಗೆ ಕೊಟ್ಟಿತು.”

ಸೂರ್ಯ ಮುಳುಗಿದ. ಬಿರುಗಣ್ಣ ಹೊಗೆಯಾಗಿ ಹೋದ. ಕೋಣದ ರೆಕ್ಕೆ ಉದುರಿ, ಅದು ಹುಲ್ಲು ಮೇಯತೊಡಗಿತು. ಒಳಗಿದ್ದವರೆಲ್ಲ ಹೊರಬಂದರು.

ಮಾಳವ್ವ ಇಳಿದು ಬಂದಾಗ ಕೆಂಚಿ ಅಳುತ್ತಾ ಏನೋ ಹೇಳಹೊರಟಳು.

“ಆಮೇಲೆ ಹೇಳೇ,” ಎಂದು ಮಾಳವ್ವ ನಡು ಅಂಗಳದಲ್ಲಿ ಎಲ್ಲರೆದುರಿಗೇ ದಣಿವಾರಿಸಿಕೊಳ್ಳಲು ಕೂತಳು. ಕೆಂಚಿ ಪಕ್ಕದಲ್ಲಿ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಊರೆಲ್ಲ ಕೂತಿತು. ಮೂಡುಗೋಟೆಯ ಸುಖದ ಕಾಲ ಹಾಗೆ ಶುರುವಾಯಿತು.