ಡಿಕ್ಕಿಯೊಳಗಿನ ಜಾಕೆಟ್

ಶಂಶಾಬಾದ್ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ, ಲಹರಿಯ ಸ್ಕೂಟರಿನ ಪಕ್ಕ, ಸಮರ್ಥನ ಬ್ಯಾಗು ಬಾಯಿ ಮುಚ್ಚಲೊಲ್ಲದು. ತಪ್ಪು ಲಹರಿಯದು. ಹೊರಡುವ ಹೊತ್ತಿಗೆ ಶೇಂಗಾ ಹೋಳಿಗೆಯ ದೊಡ್ಡ ಡಬ್ಬಿ ತಂದಿದ್ದಳು.

"ಹಿಮಾಲಯ ಹತ್ತಾಕ ಹೊಂಟೀನಿ, ಸೀಮಂತಕ್ಕಲ್ಲ."

"ಬ್ಯಾಡಾದ್ರ ಕೊಡು," ಎಂದು ಲಹರಿ ಕೈ ಚಾಚಿದಳು. ಅವನು ಡಬ್ಬಿಯನ್ನು ಎದೆಗವಚಿಕೊಂಡು ಕಣ್ಣಲ್ಲೇ ನಕ್ಕ. ಅವಳ ಕಿವಿ ಬಿಸಿಯಾಯಿತು. ಚಹಾ ತರಲೆಂದು ಅವಳನ್ನು ಕಳಿಸಿದ. ಬರುವಷ್ಟರಲ್ಲಿ ಬ್ಯಾಗು ಮುಚ್ಚಿತ್ತು. ಹೇಗೆಂದು ಅವಳು ಕೇಳಲಿಲ್ಲ.

ಚಳಿಗಾಲವೆಲ್ಲ ಬೆನ್ನಿಗೆ ಭಾರ ಹೊತ್ತು ಇಬ್ಬರೂ ಗೋಲ್ಕೊಂಡದ ಮೆಟ್ಟಿಲು ಹತ್ತಿದ್ದರು, ಅವನ ತಯಾರಿಗೆಂದು. ಹಿಮಾಯತ್‌ನಗರದ ಅಂಗಡಿಯಲ್ಲಿ ಪುಕ್ಕ ತುಂಬಿದ ದಪ್ಪ ಜಾಕೆಟ್ಟನ್ನು ಹಟ ಹಿಡಿದು ಆರಿಸಿದವಳೂ ಅವಳೇ. ಮನಸ್ಸಿನ ಮಾತೊಂದು ಮಾತ್ರ ಇಬ್ಬರ ಬಾಯಲ್ಲೂ ಉಳಿದುಹೋಗಿತ್ತು.

ಅವನು ಹೋಗಿ ಕೆಲವು ದಿನವಾಗಿತ್ತು. ಸ್ಕಾರ್ಫ್ ಇಡಲೆಂದು ಸ್ಕೂಟರಿನ ಡಿಕ್ಕಿ ತೆರೆದಳು. ಒಳಗೆ ಆ ಜಾಕೆಟ್ಟು, ಅಚ್ಚುಕಟ್ಟಾಗಿ ಮಡಚಿಕೊಂಡು ಕೂತಿತ್ತು. ಹೋಳಿಗೆಗೆ ಜಾಗ ಮಾಡಿದ್ದ.

ಫೋನ್ ಹಚ್ಚಿದಳು, ಹತ್ತಲಿಲ್ಲ. ಟ್ರೆಕ್ಕಿನವರ ಆಫೀಸಿಗೆ ಕೇಳಿದಳು. ಕಡೆಯ ಹಳ್ಳಿ ದಾಟಿದ ಮೇಲೆ ಸಿಗ್ನಲ್ ಇಲ್ಲ, ಇಳಿದಾಗಲೇ ಸುದ್ದಿ ಅಂದರು. ಜಾಕೆಟ್ಟನ್ನು ಕೊರಿಯರ್ ಮಾಡಿದರೆ ಮುಟ್ಟುತ್ತದೆಯೇ ಎಂದಳು. ಆ ಕಡೆಯ ಹುಡುಗಿ ನಕ್ಕಳು, ಆಮೇಲೆ ಅವನ ಹೆಸರು ಬರೆದುಕೊಂಡಳು.

ಹೈದರಾಬಾದಿನ ಮೇ ಬಿಸಿಲು. ಜಾಕೆಟ್ಟು ತೊಡೆಯ ಮೇಲಿಟ್ಟುಕೊಂಡರೆ ಬೆವರು ಇಳಿಯುತ್ತಿತ್ತು. ಆದರೂ ಕೆಳಗಿಡಲು ಕೈ ಬರಲಿಲ್ಲ. ಅವನ ತಾಯಿ ಉಮಾಬಾಯಿ ದಿನಾ ಫೋನ್ ಮಾಡಿ, ನೀ ಕೊಟ್ಟ ಹೋಳಿಗಿ ರುಚಿ ಇದ್ವಂತೇನವ್ವಾ ಎಂದು ಕೇಳುವರು. ಹೂಂ ಅನ್ನಲೂ ಆಗದು, ಊಹೂಂ ಅನ್ನಲೂ ಆಗದು. ಮಾಡಲಿಕ್ಕೆ ಏನೂ ಇರಲಿಲ್ಲ, ಕಾಯುವುದೊಂದೇ.

ಒಂದು ಮಧ್ಯಾಹ್ನ ಅವನ ಫೋನು ಬಂತು. ನಾಳೆ ಬರ್ತೀನಿ ಅಂದ, ಲೈನು ಕಡಿಯಿತು. ಅವನ ಜೊತೆಗಾರರು ಬೆಟ್ಟ ಇಳಿಯಲು ಇನ್ನೂ ದಿನವಿತ್ತಲ್ಲ, ಏನಾಯಿತೋ ಎಂದು ಅವಳಿಗೆ ಮತ್ತೂ ದಿಗಿಲು.

ಮರುದಿನ ತುಟಿ ಒಡೆದು, ಮುಖ ಕರ್ರಗಾಗಿ ವಿಮಾನ ನಿಲ್ದಾಣದಿಂದ ಹೊರಗೆ ಬಂದ. ಬೈಯಬೇಕೆಂದಿದ್ದವಳು ಜಾಕೆಟ್ಟನ್ನು ಕಂಕುಳಲ್ಲಿ ಹಿಡಿದೇ ಅವನ ಬ್ಯಾಗು ಇಸಿದುಕೊಂಡಳು.

"ಮ್ಯಾಲ ಹೋಗ್ಲಿಲ್ಲ," ಅಂದ. "ತಲಿ ಸಿಡಿಯಾಕತ್ತಿತ್ತು. ಜಾಕೆಟ್ ಇಲ್ಲ. ತಲಿನೋವು ಯಾರಿಗೂ ಹೇಳದ ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಹತ್ತಿದವ್ರು ಇಳಿಯೂದಿಲ್ಲ ಅಂತ ಗೈಡ್ ಹೇಳಿದ್ದ. ನನಗ ಇಳಿಯೂದಿತ್ತು. ನಿನಗೊಂದು ಮಾತು ಹೇಳೂದಿತ್ತು."

"ಹೇಳು."

ಅವನು ಅವಳನ್ನು ನೋಡಿದ, ನೆಲ ನೋಡಿದ. "ಹೋಳಿಗಿ ಕಲ್ಲಾಗಿದ್ವು."

ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯದು. "ಮುಂದಿನ ಸಲ ಬ್ಯಾಗು ನಾ ತುಂಬತೀನಿ. ನಾನೂ ಬರ್ತೀನಿ."

"ಮುಂದಿನ ಸಲ ಅಷ್ಟ ಏನು?"

"ಪ್ರತಿ ಸಲ."

ಜಾಕೆಟ್ಟು ಬಿಡಿಸಿ ಅವನ ಹೆಗಲಿಗೆ ಹಾಕಿದಳು. ಸುಡುಬಿಸಿಲು, ಅಕ್ಕಪಕ್ಕದವರು ತಿರುಗಿ ನೋಡಿದರು. ಬೆವರು ಅವನ ಕತ್ತಿನಗುಂಟ ಇಳಿಯಿತು. ಅವನು ಜಿಪ್ಪು ಮೇಲಿನವರೆಗೂ ಎಳೆದುಕೊಂಡ.