ಕೋಳಿಗೂಡಿನ ಲ್ಯಾಂಡ್ ರೋವರ್

ಬಾಗಿಲು ಬಡಿದ ರಭಸಕ್ಕೇ ಸ್ಟ್ಯಾನ್ ಪಿಕರ್ಸ್‌ಗಿಲ್‌ಗೆ ಗೊತ್ತಾಯಿತು, ಹೊರಗಿರುವವರು ಚಹಾ ಕುಡಿಯಲು ಬಂದವರಲ್ಲ ಎಂದು. ಅವನು ಅಗುಳಿ ತೆಗೆಯುತ್ತಿದ್ದಂತೆಯೇ ನೆಲ್ ಔತ್‌ವೇಟ್ ಒಳನುಗ್ಗಿದಳು. ಬೂಟಿನ ಕೆಸರನ್ನೂ ಒರೆಸಲಿಲ್ಲ.

"ಹಿಲ್ಡಾ ಆಂಟಿ, ನಮ್ಮಪ್ಪನ್ನ ಮೋಸಗಾರ ಅಂದ್ಬಿಟ್ರು. ಇಡೀ ಕ್ಲಬ್ಬಿನ ಮುಂದೆ."

ಹಿಲ್ಡಾ ಆಲ್ಡರ್ಸನ್ ಹೆಣೆಯುತ್ತಿದ್ದ ಕಾಲುಚೀಲವನ್ನು ಪಕ್ಕಕ್ಕಿಟ್ಟರು. ಆ ಕಣಿವೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು, ಯಾವ ಮನೆಯಲ್ಲಿ ಯಾರು ಏನು ಮುಚ್ಚಿಡುತ್ತಾರೆ ಎಂದು ಪತ್ತೆಹಚ್ಚುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಕುರಿ ಕದ್ದವನನ್ನೂ ಚರ್ಚಿನ ಗಂಟೆ ಮಾರಿದವನನ್ನೂ ಹಿಡಿದುಕೊಟ್ಟವರು ಅವರೇ. ಆಗೆಲ್ಲ ಅವರನ್ನು ಕಾರಿನಲ್ಲಿ ಸುತ್ತಿಸಿದವನು ಪಕ್ಕದ ಮನೆಯ ಸ್ಟ್ಯಾನ್, ನಿವೃತ್ತ ಬಸ್ ಡ್ರೈವರ್.

ನೆಲ್ ಹೇಳಿದ್ದು ಇಷ್ಟು. ಅವಳ ಅಪ್ಪ ಏಮಸ್, ಗುಡ್ಡದ ಮೇಲಿನ ಒಂದು ತೋಟದ ಮನೆಯಲ್ಲಿ ಕೋಳಿಗೂಡಾಗಿ ಬಿದ್ದಿದ್ದ ಹಳೆಯ ಲ್ಯಾಂಡ್ ರೋವರ್ ಅನ್ನು ಒಂದು ಟಗರು ಕೊಟ್ಟು ತಂದಿದ್ದ. ಊರೆಲ್ಲ ನಕ್ಕಿತ್ತು. ಹಿತ್ತಲ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು, ಕೋಳಿ ಹಿಕ್ಕೆ ಕೆರೆದು, ಒಂದೊಂದೇ ಭಾಗ ಬಿಚ್ಚಿ ಜೋಡಿಸಿ, ಅದನ್ನು ಮತ್ತೆ ಓಡುವಂತೆ ಮಾಡಿದ. ಅದರ ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಬಿಲ್ಲೆಯ ನಂಬರ್ ಪ್ರಕಾರ ಅದು ಕಾರ್ಖಾನೆಯಿಂದ ಮೊಟ್ಟಮೊದಲು ಹೊರಬಂದ ಗಾಡಿಗಳಲ್ಲಿ ಒಂದು. ಅಲ್ಲಿಯವರೆಗೆ ಊರಿನ ಲ್ಯಾಂಡ್ ರೋವರ್ ಕ್ಲಬ್ಬಿನ ಅತಿ ಹಳೆಯ ಗಾಡಿ ಎನಿಸಿಕೊಂಡಿದ್ದು ಕ್ಲೈವ್ ಗಾರ್‌ಸೈಡ್‌ನದು. ಹಳೇ ಗಾಡಿಗಳನ್ನು ಪರೀಕ್ಷಿಸಿ ತೀರ್ಪು ಕೊಡುವವನೂ ಅವನೇ.

ಹಿಂದಿನ ದಿನ, ಶನಿವಾರ, ಕ್ಲಬ್ಬಿನವರೆಲ್ಲ ಏಮಸ್‌ನ ಅಂಗಳದಲ್ಲಿ ಸೇರಿದ್ದರು. ಗಾರ್‌ಸೈಡ್ ಕರವಸ್ತ್ರಕ್ಕೆ ಉಗುಳು ಹಚ್ಚಿ ಬಿಲ್ಲೆ ಉಜ್ಜಿದ. ಕಂದು ಬಣ್ಣ ಬಟ್ಟೆಗೆ ಬಂತು, ಅಡಿಯಲ್ಲಿ ಹೊಸ ಹಿತ್ತಾಳೆ ಮಿರುಗಿತು. ಅಂಚೆಯಲ್ಲಿ ತರಿಸಿ, ಹಳೆಯದರಂತೆ ಕಾಣಲೆಂದು ಚಹಾದಲ್ಲಿ ನೆನೆಸಿದ ನಕಲಿ ಎಂದು ಅವನು ಸಾರಿದ. ಗಾಡಿಯ ಅಡಿಚೌಕಟ್ಟಾದ ಚಾಸಿಯ ಮೇಲೂ ನಂಬರ್ ಇರಬೇಕಿತ್ತು. ಆದರೆ ಆ ಭಾಗ ತುಕ್ಕು ತಿಂದು ಪುಡಿಯಾಗಿತ್ತು, ವೆಲ್ಡರ್ ಡೆನ್ನಿ ಅದನ್ನು ಯಾವಾಗಲೋ ಕತ್ತರಿಸಿ ಹೊಸ ಉಕ್ಕು ಬೆಸೆದಿದ್ದ. ಬೇರೆ ಸಾಕ್ಷಿಯೇ ಇರಲಿಲ್ಲ.

"ಅಪ್ಪ ಸೀದಾ ಒಳಗೆ ಹೋಗಿ ಗುಜರಿಯವನಿಗೆ ಫೋನ್ ಮಾಡಿದ್ರು. ನಾಳೆ ಮಧ್ಯಾಹ್ನ ಲಾರಿ ಬರುತ್ತೆ. ಗಾಡೀನ ಜಜ್ಜಿ ಹಾಕ್ಲಿ, ಕಣ್ಣಿಗೆ ಬೀಳೋದು ಬೇಡ ಅಂತಾರೆ."

ಹಿಲ್ಡಾ ಕೋಟು ತೊಟ್ಟರು. ಅವರ ತುಟಿ ಬಿಳಿಚಿಕೊಂಡಿದ್ದನ್ನು ನೋಡಿ ಸ್ಟ್ಯಾನ್ ಕಾರಿನ ಕೀ ಎತ್ತಿಕೊಂಡ. ಅವರಿಗೆ ಸಿಟ್ಟು ಬಂದಾಗ ಹೀಗೇ.

ಶೆಡ್ಡಿನಲ್ಲಿ ಸ್ಟ್ಯಾನ್ ಟಾರ್ಚ್ ಹಿಡಿದ. ಏಮಸ್ ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತಿದ್ದ. ಗಾಡಿ ಚೆನ್ನಾಗಿತ್ತು, ಆದರೆ ಒರಟು ಕೈಯ ಕೆಲಸ. ಏಮಸ್ ಸ್ಕ್ರೂ ಬಿಗಿಯುವುದು ಅದು ಇನ್ನು ತಿರುಗುವುದಿಲ್ಲ ಎನ್ನುವವರೆಗೆ, ಆಮೇಲೆ ಅದರ ತಲೆಯ ಗೀರು ಯಾವ ಕಡೆಗಾದರೂ ಇರಲಿ. ಬಾಗಿಲು, ಡ್ಯಾಶ್‌ಬೋರ್ಡ್, ಗಾಜಿನ ಚೌಕಟ್ಟು, ಎಲ್ಲೆಲ್ಲೂ ಗೀರುಗಳು ಚೆಲ್ಲಿದ ಬೆಂಕಿಕಡ್ಡಿಗಳ ಹಾಗೆ ದಿಕ್ಕಾಪಾಲಾಗಿದ್ದವು. ಬಿಲ್ಲೆಯ ಮೂಲೆಗಳ ನಾಲ್ಕು ಸ್ಕ್ರೂ ಮಾತ್ರ ನೆಟ್ಟಗೆ, ಶುಚಿಯಾಗಿ ಕೂತಿದ್ದವು. ಹಿಲ್ಡಾ ಅವನ್ನು ಬಹಳ ಹೊತ್ತು ನೋಡಿದರು. ಸ್ಟ್ಯಾನ್ ಕೂಡ ನೋಡಿದ, ಅವನಿಗೇನೂ ತೋಚಲಿಲ್ಲ.

ಪರೀಕ್ಷೆಗೆ ಮುಂಚಿನ ವಾರ, ಬಿಲ್ಲೆ ಬದಲಿಸುವಷ್ಟು ಹೊತ್ತು ಶೆಡ್ಡಿನಲ್ಲಿ ಒಬ್ಬೊಬ್ಬರೇ ಇದ್ದವರು ಮೂವರು ಎಂದು ನೆಲ್ ಹೇಳಿದಳು. ಡೆನ್ನಿ ಮೆಟ್‌ಕಾಫ್ ವೆಲ್ಡಿಂಗ್ ಮಾಡಲು ಬಂದಿದ್ದ. ಏಮಸ್‌ನ ಅಣ್ಣನ ಮಗ ರಾಯ್ಸ್ ಗಾಡಿಯ ಫೋಟೋ ತೆಗೆಯಲು ಬಂದಿದ್ದ, ಅದನ್ನು ಮಾರಿ ತನಗೂ ಪಾಲು ಕೊಡು ಎಂದು ಅವನು ಯಾವಾಗಲೂ ಪೀಡಿಸುತ್ತಿದ್ದ. ಗಾರ್‌ಸೈಡ್ ಪರೀಕ್ಷೆಗೆ ಮೊದಲು ಅಳತೆ ತೆಗೆದುಕೊಳ್ಳಲು ಬಂದಿದ್ದ.

ಹಿಲ್ಡಾ ಹೋಗಿ ವಿಚಾರಿಸಿದಾಗ ಡೆನ್ನಿ ತನ್ನ ಕರೆಂಟ್ ಸ್ಕ್ರೂಡ್ರೈವರ್ ಎಸೆದು ಕೂಗಾಡಿದ, ಮಾಡಿದವನ ಹಲ್ಲು ಉದುರಿಸುತ್ತೇನೆ ಎಂದ. ಅವನು ಬಿಗಿದ ಸ್ಕ್ರೂಗಳ ತಲೆಗಳೆಲ್ಲ ಇಲಿ ಕಡಿದಂತಿದ್ದವು. ರಾಯ್ಸ್ ಹೆಗಲು ಕುಣಿಸಿದ. "ಅಸಲಿ ಬಿಲ್ಲೆ ಇದ್ರೆ ತಾನೇ ಆಂಟಿ ಗಾಡಿಗೆ ಬೆಲೆ? ನಾನ್ಯಾಕೆ ನನ್ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ಲಿ?"

ಗಾರ್‌ಸೈಡ್ ಹಿಲ್ಡಾ, ಸ್ಟ್ಯಾನ್ ಇಬ್ಬರನ್ನೂ ಸಡಗರದಿಂದ ಒಳಗೆ ಕರೆದ, ಕೇಕ್ ಕೊಟ್ಟ, ತನ್ನ ಗ್ಯಾರೇಜ್ ತೋರಿಸಿದ. ಅವನ ಲ್ಯಾಂಡ್ ರೋವರ್ ಮುಂದೆ ನಿಂತ ಸ್ಟ್ಯಾನ್‌ಗೆ ಟೋಪಿ ತೆಗೆಯಬೇಕೆನಿಸಿತು. ಒಂದೊಂದು ಸ್ಕ್ರೂ ಕೂಡ ಕವಾಯತಿಗೆ ನಿಂತ ಸಿಪಾಯಿಯ ಹಾಗಿತ್ತು. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು, ಅವುಗಳಲ್ಲಿ ತುಕ್ಕು ಹಿಡಿದ ಬೋಲ್ಟು, ಮುರಿದ ಹಿಡಿಕೆ, ವಾಷರ್.

"ಇದನ್ನೆಲ್ಲ ಯಾಕೆ ಇಟ್ಕೊಂಡಿದೀರಿ?" ಎಂದು ಹಿಲ್ಡಾ ಕೇಳಿದರು.

"ಅಸಲಿ ಸಾಮಾನು ರೀ ಇದು. ಇದನ್ನ ಬಿಸಾಡೋನು ಮನುಷ್ಯನೇ ಅಲ್ಲ."

ಹಿಲ್ಡಾ ಕೇಕ್ ಮುಟ್ಟಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಒಂದೇ ಮಾತು ಹೇಳಿದರು, ಮೂರು ಹಲಗೆ ತುಂಡು ಬೇಕು ಎಂದು.

ಮರುದಿನ, ಸೋಮವಾರ, ಹಿಲ್ಡಾ ಕರೆಸಿದ್ದಕ್ಕೆ ಶನಿವಾರ ಬಂದಿದ್ದವರೇ ಅಂಗಳದಲ್ಲಿ ಮತ್ತೆ ಸೇರಿದರು. ಗುಜರಿ ಲಾರಿಯೂ ಬಂದು ನಿಂತು ಗುರುಗುಡುತ್ತಿತ್ತು. ಏಮಸ್ ಗಾಡಿಗೆ ಒರಗಿ ಯಾರ ಮುಖವನ್ನೂ ನೋಡದೆ ನಿಂತಿದ್ದ. ಹಿಲ್ಡಾ ಮೂವರಿಗೂ ಒಂದೊಂದು ಹಲಗೆ, ತಗಡಿನ ಚೂರು, ನಾಲ್ಕು ಸ್ಕ್ರೂ ಕೊಟ್ಟು, ತಗಡನ್ನು ಹಲಗೆಗೆ ಕೂರಿಸಲು ಹೇಳಿದರು. ಡೆನ್ನಿ ಗೊಣಗುತ್ತ ಮಾಡಿದ. ರಾಯ್ಸ್ ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಹಿಡಿದು ಬೆರಳು ತರಚಿಕೊಂಡ. ಗಾರ್‌ಸೈಡ್ ನಗುತ್ತ, ನಕಲಿ ಹಿಡಿಯುವುದು ಹೇಗೆಂದು ಪಕ್ಕದವರಿಗೆ ಪಾಠ ಹೇಳುತ್ತ, ಕೈಯತ್ತ ನೋಡದೆಯೇ ಬಿಗಿದು ಮುಗಿಸಿದ.

ಹಿಲ್ಡಾ ಹಲಗೆಗಳನ್ನು ಬಾನೆಟ್ಟಿನ ಮೇಲೆ ಸಾಲಾಗಿಟ್ಟರು.

"ಡೆನ್ನಿ ಸ್ಕ್ರೂ ತಲೆ ನೋಡಿ, ಕಿತ್ತುಹೋಗಿದೆ. ರಾಯ್ಸ್‌ದು ಅರ್ಧಕ್ಕೇ ನಿಂತಿದೆ. ಗಾರ್‌ಸೈಡ್ ಅವರದು ನಾಲ್ಕೂ ನೆಟ್ಟಗೆ, ಗೀರು ಮೇಲಿಂದ ಕೆಳಕ್ಕೆ. ಈಗ ಗಾಡಿಯಲ್ಲಿರೋ ಬಿಲ್ಲೆ ನೋಡಿ. ಅಲ್ಲೂ ನಾಲ್ಕೂ ನೆಟ್ಟಗೆ. ಇಡೀ ಗಾಡಿಯಲ್ಲಿ ಅಂಥ ಇನ್ನೊಂದು ಸ್ಕ್ರೂ ಹುಡುಕಿಕೊಡಿ."

ಜನ ಬಗ್ಗಿ ನೋಡಿದರು. ಇನ್ನೊಂದು ಇರಲಿಲ್ಲ.

ಅಳತೆಯ ನೆಪದಲ್ಲಿ ಒಳಗೆ ಬಂದವನು ಅಸಲಿ ಬಿಲ್ಲೆ ಬಿಚ್ಚಿ ಅದೇ ನಂಬರಿನ ನಕಲಿ ಕೂರಿಸಿದ್ದ, ಆಮೇಲೆ ಎಲ್ಲರೆದುರು ತಾನೇ ಅದನ್ನು ಉಜ್ಜಿ ತೋರಿಸಿದ್ದ ಎಂದು ಹಿಲ್ಡಾ ವಿವರಿಸಿದರು. ರಾಯ್ಸ್‌ಗೆ ಇದರಿಂದ ನಷ್ಟವೇ. ಡೆನ್ನಿ ಕೈಯಿಟ್ಟಿದ್ದರೆ ಸ್ಕ್ರೂ ತಲೆ ಉಳಿಯುತ್ತಿರಲಿಲ್ಲ. ಅತಿ ಹಳೆಯ ಗಾಡಿಯ ಒಡೆಯ ಎಂಬ ಹೆಸರು ಹೋಗುತ್ತಿದ್ದುದು ಒಬ್ಬನದೇ. ಅವನು ಕಳ್ಳತನ ಮಾಡುವಾಗಲೂ ಓರೆ ಸ್ಕ್ರೂ ಬಿಟ್ಟುಹೋಗಲಾರದವನು.

"ಇದೆಂಥ ಸಾಕ್ಷಿ? ಚೊಕ್ಕವಾಗಿ ಕೆಲಸ ಮಾಡೋದು ಅಪರಾಧವೇನ್ರೀ?" ಗಾರ್‌ಸೈಡ್‌ನ ಕಿವಿ ಕೆಂಪಾಗಿತ್ತು.

"ಅಲ್ಲ. ಸಾಕ್ಷಿ ನಿಮ್ಮ ಜಾಡಿಗಳಲ್ಲಿದೆ. ಬೇರೆ ಯಾರಾದ್ರೂ ಆಗಿದ್ರೆ ಆ ಬಿಲ್ಲೆನ ಹೊಳೆಗೆ ಎಸೀತಿದ್ರು. ಅಸಲಿ ಸಾಮಾನು ಬಿಸಾಡೋದು ನಿಮ್ಮ ಕೈಯಲ್ಲಾಗಲ್ಲ." ಹಿಲ್ಡಾ ತಿರುಗಿದರು. "ಡೆನ್ನಿ, ಇವರ ಗ್ಯಾರೇಜಿಗೆ ಹೋಗಪ್ಪ. ಜಾಡಿಗಳನ್ನೆಲ್ಲ ಒಟ್ಟಿಗೇ ನೆಲಕ್ಕೆ ಸುರಿ. ಯಾವುದು ಯಾವುದಕ್ಕೆ ಬೆರೆತ್ರೂ ಚಿಂತೆಯಿಲ್ಲ."

ಡೆನ್ನಿ ಎರಡು ಹೆಜ್ಜೆ ಇಟ್ಟಿದ್ದ.

"ಸುರೀಬೇಡಿ," ಎಂದ ಗಾರ್‌ಸೈಡ್. ದನಿ ಕುಸಿದಿತ್ತು. "ಮೇಲಿನ ಸಾಲು. ಕಿಟಕಿ ಪಕ್ಕದ್ದು."

ನೆಲ್ ಸ್ಟ್ಯಾನ್‌ನ ಕಾರಿನಲ್ಲಿ ಹೋಗಿ ತಂದಳು. ಎಣ್ಣೆ ಬಟ್ಟೆಯಲ್ಲಿ ಮಗುವಿನ ಹಾಗೆ ಸುತ್ತಿಟ್ಟಿದ್ದ ಬಿಲ್ಲೆ, ಮೇಲೆ ಕೋಳಿ ಕೆರೆದ ಗೆರೆಗಳು. ಅವಳು ಗಾರ್‌ಸೈಡ್‌ನ ಮುಖಕ್ಕೇ ಅದನ್ನು ಎಸೆಯುತ್ತಿದ್ದಳೇನೋ, ಸ್ಟ್ಯಾನ್ ತೋಳು ಹಿಡಿದ.

ಏಮಸ್ ಬಿಲ್ಲೆ ಇಸಿದುಕೊಂಡು ಗಾರ್‌ಸೈಡ್‌ನ ಮುಂದೆ ಹಿಡಿದ. "ನಂಬರ್ ಓದಯ್ಯ. ಮೊನ್ನೆ ನನ್ನ ಮೋಸಗಾರ ಅಂದ್ಯಲ್ಲ, ಅಷ್ಟೇ ಗಟ್ಟಿಯಾಗಿ."

ಗಾರ್‌ಸೈಡ್ ಓದಿದ. ಹಿಂದಿನ ಸಾಲಿನವರು ಕೇಳಿಸಲಿಲ್ಲ ಎಂದರು. ಮತ್ತೆ ಓದಿದ. ಗುಜರಿಯವನು ಲಾರಿ ತಿರುಗಿಸಿಕೊಂಡು ಖಾಲಿ ಹೊರಟ.

ಏಮಸ್ ನಕಲಿಯನ್ನು ಕಿತ್ತೆಸೆದು ಅಸಲಿಯನ್ನು ಅದರ ಜಾಗದಲ್ಲಿಟ್ಟು, ಒಂದು, ಎರಡು, ಮೂರು ಸ್ಕ್ರೂ ಬಿಗಿದ. ನಾಲ್ಕನೆಯದು ಪೂರ್ತಿ ಓರೆಯಾಗಿ ನಿಂತಿತು. ಸ್ಟ್ಯಾನ್ ನೋಡುತ್ತಿದ್ದಂತೆಯೇ ಗಾರ್‌ಸೈಡ್‌ನ ಬೆರಳು, ಅವನಿಗೇ ಗೊತ್ತಿಲ್ಲದೆ, ಆ ಸ್ಕ್ರೂ ಕಡೆಗೆ ಮೆಲ್ಲಗೆ ಚಾಚಿತು.

ಏಮಸ್ ಸ್ಕ್ರೂಡ್ರೈವರ್ ಅಡ್ಡ ಹಿಡಿದ.

"ಮುಟ್ಟಬೇಡ. ಅದು ಹಂಗೇ ಇರುತ್ತೆ."